ಬಾಗಿಲಾಚೆಯ ಗಿಟಾರು

ಬೆಲ್‌ಗ್ರೇಡಿನ ಟ್ರಾಮಿನಲ್ಲಿ ವಿದೋಸಾವಳ ಎದುರಿಗೆ ಕಪ್ಪು ಬಟ್ಟೆಯ ಗಂಡ ಹೆಂಡತಿ ಬಂದು ಕೂತರು. ಇಬ್ಬರ ಮೊಣಕಾಲಿನ ನಡುವೆ ಗಿಟಾರಿನ ಪೆಟ್ಟಿಗೆ. ಅವರ ಮಾತು ತನಗೇಕೆಂದು ವಿದೋಸಾವ ಕಿಟಕಿಯ ಕಡೆ ತಿರುಗಿದಳು. ಕಿವಿ ಮಾತ್ರ ತಿರುಗಲಿಲ್ಲ.

“ಅಂಗಡಿಯವ್ನು ಮಗನ ಗಿಟಾರನ್ನ ಅಷ್ಟೊಂದು ಆಂಪ್ಲಿಫೈಯರ್‌ಗೆ ಹಾಕಿ ನುಡಿಸಿದ್ನಲ್ಲೇ. ಒಂದೂ ಹಿಡಿಸ್ಲಿಲ್ವಾ?”

“ಯಾವುದ್ರಲ್ಲೂ ನಮ್ಮ ನೆನಾದನ ಸದ್ದು ಬರ್ಲಿಲ್ಲ. ಅವನ ಆಂಪ್ಲಿಫೈಯರನ್ನ ನೀವೇ ತಾನೆ ಯಾರಿಗೋ ಎತ್ತಿಕೊಟ್ಟಿದ್ದು?”

“ದಿನಾ ಅದರ ಮುಂದೆ ಕೂತು ಅಳ್ತಿದ್ಯಲ್ಲ, ಅದಕ್ಕೇ ಕೊಟ್ಟೆ.”

“ಈಗೇನು ಅಳೋದು ನಿಂತಿದ್ಯಾ? ಮಗ ಹೋಗಿ ವರ್ಷ ತುಂಬೋ ದಿನ ಅವನ ಗೆಳೆಯರು ಈ ಗಿಟಾರನ್ನ ನುಡಿಸ್ತಾರೆ. ಸದ್ದು ಇನ್ಯಾರದೋ ಥರ ಬಂತೋ, ನಾನಂತೂ ಎದ್ದು ಹೋಗ್ತೀನಿ.”

“ಕೊನೇಲಿ ತೋರಿಸಿದ್ದು ಅವನ ಹತ್ರ ಇದ್ದಂಥದ್ದೇ ಕಣೇ.”

“ಅದು ಕಿವಿಗೆ ಚುಚ್ತು. ನಮ್ಮನೇದು ಮೆತ್ತಗಿತ್ತು, ಎಲ್ಲೋ ದೂರದಿಂದ ಬಂದ ಹಾಗೆ.”

ಗಂಡ ಪೆಟ್ಟಿಗೆಯ ಹಿಡಿಯನ್ನು ಸವರಿದ.

“ಸ್ಲಾವೊಯ್ಕಾ, ನೀನು ಎಲ್ಲಿ ನಿಂತು ಕೇಳ್ತಿದ್ದೆ?”

“ಇನ್ನೆಲ್ಲಿ, ಅಡುಗೆಮನೇಲಿ. ಮಧ್ಯಾಹ್ನ ಮಲಗೋ ಹೊತ್ತಲ್ಲಿ ಶುರು ಮಾಡ್ತಿದ್ದ. ಮೇಲಿನ ಮನೆಯವರು ಗಲಾಟೆ ನಿಲ್ಸಿ ಅಂತ ಹೀಟರ್ ಪೈಪು ಕುಟ್ಟೋರು. ಬಾಗಿಲು ಹಾಕ್ಕೊಳ್ಳೋ ಅಂತ ನಾನೇ ಅವನಿಗೆ ದಿನಾ…”

ಗಂಡ ಅವಳ ಕಡೆ ನೋಡಲಿಲ್ಲ.

ಮುಂದಿನ ನಿಲ್ದಾಣದಲ್ಲಿ ಇಬ್ಬರೂ ಎದ್ದರು. ಅಂಗಡಿಯ ಕಡೆ ವಾಪಸು ಹೋಗುವ ಟ್ರಾಮು ಆಚೆ ಬದಿಯಲ್ಲಿ ಬರುತ್ತಿತ್ತು. ಮೆಟ್ಟಿಲಿಳಿಯುತ್ತ ಅವಳು ಹೇಳಿದ್ದು ವಿದೋಸಾವಳಿಗೆ ಕೇಳಿಸಿತು:

“ಈ ಸಲ ನಾನು ಹೊರಗೆ ನಿಂತಿರ್ತೀನಿ. ನೀವು ಅಂಗಡಿ ಬಾಗಿಲು ಹಾಕಿಸಿ.”