ಸಲ್ಗಾದು ಮೇಷ್ಟರ ಮುಳ್ಳಿನ ನೆಂಟರು

ಪೂಜ್ಯ ಭಿಕ್ಷುಗಳಿಗೆ ನಮಸ್ಕಾರ. ಸಲ್ಗಾದು ಮೇಷ್ಟರ ಮಡದಿ ಸುಮನಾ ಅಕ್ಕನವರೇ, ಬಂಧುಗಳೇ, ಪಾನದುರದ ಹಿರಿಯರೇ, ಮತ್ತು — ಅಂಗಳದಲ್ಲಿ ಬಕೆಟ್ ಹಿಡಿದು ನಿಂತಿರುವ ನಮ್ಮ ಹಳೆಯ ಶಾಲಾಮಕ್ಕಳೇ — ಎಲ್ಲರಿಗೂ ವಂದನೆ. ಒಲೆ ಹಚ್ಚದ ದಿನಗಳಲ್ಲಿ ಈ ಮನೆಗೆ ಅನ್ನ ಹೊತ್ತು ತಂದ ಹಿರಿಯರಿಗೆ ವಿಶೇಷ ಕೃತಜ್ಞತೆಗಳು.

ಲೀಲಾನಂದ ಸಲ್ಗಾದು ಅವರೂ ನಾನೂ ಒಂದೇ ಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಅವರು ತೀರಿಕೊಂಡು ಮೂರು ತಿಂಗಳಾಯಿತು; ಆ ನೆನಪಿಗೇ ಇಲ್ಲಿ ಸೇರಿದ್ದೇವೆ. ಆದರೂ ಇಂದು ನೆಮ್ಮದಿಯ ಉಸಿರು ಬಿಟ್ಟು ಮಾತನಾಡುತ್ತಿದ್ದೇನೆ. ಏಕೆಂದು ಹೇಳುತ್ತೇನೆ.

ಈ ಪಡಸಾಲೆಯ ಗಾಜಿನ ತೊಟ್ಟಿಯನ್ನು ನೋಡಿ. ಉಪ್ಪುನೀರು, ಕಲ್ಲು, ಜೀವಂತ ಹವಳ. ಮೇಷ್ಟರ ಹಳೆಯ ವಿದ್ಯಾರ್ಥಿಗಳ ಮನೆಮನೆಯ ತೊಟ್ಟಿಯಲ್ಲಿರುವುದು ಇದೇ ತಾಯಿಹವಳದ ತುಂಡು. ಇದಕ್ಕೆ ಪಾಚಿಯೇ ಶತ್ರು. ಮೇಷ್ಟರು ಕಂಡುಕೊಂಡ ಮದ್ದು — ಕಡಲ ಮುಳ್ಳುಚೆಂಡು ಎಂಬ ಪುಟ್ಟ ಜೀವಿ. ನಿಂಬೆಹಣ್ಣಿನ ಗಾತ್ರ, ಮೈಯೆಲ್ಲ ಮುಳ್ಳು; ಕಲ್ಲನ್ನು ಹೆರೆದು ಹೆರೆದು ಪಾಚಿ ತಿನ್ನುತ್ತದೆ. ಪಾಚಿ ಮುಗಿದರೆ ಹಸಿವಿನಿಂದ ಸಾಯುತ್ತದೆ. ಆದ್ದರಿಂದ ಒಂದು ಮನೆಯಲ್ಲಿ ಮೇಯ್ದು ಮುಗಿಸಿದ್ದನ್ನು ಮುಂದಿನ ಮನೆಗೆ ಕಳುಹಿಸುವ ಪದ್ಧತಿ ತಂದರು. "ಇದು ಸಾಕಿದ ಪ್ರಾಣಿ ಅಲ್ಲ ಕಣ್ರೋ, ಬಂದ ನೆಂಟ. ಎಲೆ ಖಾಲಿ ಆಯ್ತಾ, ಮುಂದಕ್ಕೆ ಕಳಿಸಿ!" ಎನ್ನುತ್ತಿದ್ದರು.

ನೆಂಟನಿಗೆ ಒಂದು ಚಾಳಿಯೂ ಇದೆ — ಸಿಕ್ಕಿದ್ದನ್ನೆಲ್ಲ ತಲೆಯ ಮೇಲೆ ಹೊತ್ತು ತಿರುಗುವುದು. ಒಮ್ಮೆ ಅಕ್ಕನ ಓಲೆ ಕಳೆದುಹೋಯಿತು. ಮನೆಯೆಲ್ಲ ಹುಡುಕಾಟ. ಕೊನೆಗೆ ನೋಡಿದರೆ — ಹೀಗೆ, ನೆತ್ತಿಯ ಮೇಲೆ ಓಲೆ ಇಟ್ಟುಕೊಂಡು ಗಾಜು ಹತ್ತುತ್ತಿದೆ! "ನನಗಿಂತ ಅದಕ್ಕೇ ಚೆನ್ನಾಗಿ ಒಪ್ಪುತ್ತೆ ಬಿಡಿ," ಎಂದರು ಅಕ್ಕ. ಮೇಷ್ಟರು ಸುಮ್ಮನಿರಬೇಕಲ್ಲ! "ಒಪ್ಪಲೇಬೇಕು ಕಣೇ, ಹೇಳದೇನೇ ಗಾಜು ಒರೆಸುತ್ತಲ್ಲ!" ಅಂದು ನಮಗೆ ಊಟ ಬಹಳ ತಡವಾಯಿತು.

ಸಾವಿನ ಮನೆಯಲ್ಲಿ ದೀಪ ಆರಬಾರದು. ಅದು ನಮ್ಮ ರೂಢಿ. ಬಂದವರು ಅಂಗಳದ ದೀಪ, ಅಡುಗೆಮನೆಯ ದೀಪ — ತೊಟ್ಟಿಯ ದೀಪವನ್ನೂ ಉರಿಯಲು ಬಿಟ್ಟರು. ಭಕ್ತಿಯಿಂದಲೇ ಬಿಟ್ಟರು. ಅಂತ್ಯಕ್ರಿಯೆ ಮುಗಿಯಿತು, ಏಳನೆಯ ದಿನದ ದಾನವೂ ಮುಗಿಯಿತು — ತೊಟ್ಟಿಯ ದೀಪ ಆರಿಸಲು ಅಕ್ಕನಿಗೆ ಕೈ ಬರಲಿಲ್ಲ. ಹವಳಕ್ಕೂ ರಾತ್ರಿ ಬೇಕು. ರಾತ್ರಿಯಿಲ್ಲದ ನೀರಿನಲ್ಲಿ ಪಾಚಿ ಕೂದಲಿನಂತೆ ಬೆಳೆದು ತಾಯಿಹವಳವನ್ನೇ ಮುಚ್ಚಿಬಿಟ್ಟಿತು.

ನಾನು ಬಂದಾಗ ಅಕ್ಕ ಗಾಜಿನ ಮುಂದೆ ಕುಳಿತಿದ್ದರು. "ಅವರು ಹೋದ್ರು ಮೇಷ್ಟ್ರೇ. ಇದನ್ನ ನಾನೇ ಕೊಂದೆ."

ಅಕ್ಕನ ತಮ್ಮ ಪಾಚಿಗೆಂದು ಬಾಟಲಿಯಲ್ಲಿ ಔಷಧಿ ತಂದಿದ್ದರು. ನಮ್ಮ ಹಳೆಯ ವಿದ್ಯಾರ್ಥಿನಿ ವಿನುಕಿ ಅದನ್ನು ಕಿತ್ತುಕೊಂಡಳು. "ಅಯ್ಯೋ ಮಾಮಾ, ಇದು ಬಿದ್ರೆ ಪಾಚಿ ಜೊತೆ ಎಲ್ಲಾನೂ ಹೋಗುತ್ತೆ! ಆಂಟಿ, ಅಳಬೇಡಿ. ಸರ್ ಕಳಿಸಿದ ನೆಂಟರೆಲ್ಲ ನಮ್ಮನೆಗಳಲ್ಲೇ ಇದ್ದಾರೆ. ಕರೀತೀನಿ."

ಕರೆದಳು. ಮೊರಟುವದಿಂದ, ವಾದ್ದುವದಿಂದ, ಕೊಲಂಬೊದಿಂದಲೂ ಮಕ್ಕಳು ಬಕೆಟ್ ಹೊತ್ತು ಬಂದರು — ರೈಲಿನ ನೂಕುನುಗ್ಗಲಿನಲ್ಲಿ, ನೀರು ತುಳುಕದಂತೆ. ತೊಟ್ಟಿಯ ನೀರನ್ನು ಹನಿಹನಿಯಾಗಿ ಬಕೆಟ್ಟಿಗೆ ಬೆರೆಸಿ, ಒಗ್ಗಿಸಿ, ಒಂದೊಂದನ್ನೇ ಇಳಿಸಿದರು. ಅಂದಿನಿಂದ ಸಂಜೆಯಾದರೆ ವಿನುಕಿ ಬಂದು ದೀಪ ಆರಿಸುತ್ತಿದ್ದಳು. ಅಕ್ಕ ಆ ಹೊತ್ತಿಗೆ ಒಳಕೋಣೆಗೆ ಹೋಗಿಬಿಡುತ್ತಿದ್ದರು.

ಮೊದಲು ಹಸಿರಿನ ನಡುವೆ ಹೆರೆದ ಗೆರೆಗಳು ಕಂಡವು. ಆಮೇಲೆ ಕಲ್ಲು. ಕಳೆದ ಹುಣ್ಣಿಮೆಯ ಬೆಳಗ್ಗೆ ಅಕ್ಕನ ಫೋನು — "ಅರಳಿದೆ ಮೇಷ್ಟ್ರೇ... ಹವಳ ಅರಳಿದೆ!"

ಮಕ್ಕಳೇ, ನೀವಿದ್ದೀರಿ, ನನಗಿನ್ನು ಚಿಂತೆಯಿಲ್ಲ. ಆದರೆ ಪಾಚಿ ಮುಗಿದಿದೆ. ನೆಂಟರ ಎಲೆ ಖಾಲಿಯಾಗಿದೆ. ಓಲೆ ಕದ್ದವನೊಬ್ಬ ಇಲ್ಲಿಯೇ ಇರಲಿ ಎಂದು ಅಕ್ಕನ ಅಪ್ಪಣೆ; ಹೊಸದಾಗಿ ಹುಟ್ಟುವ ಪಾಚಿ ಅವನೊಬ್ಬನಿಗೆ ಸಾಕು. ಉಳಿದವರು ತೊಟ್ಟಿ ಹಸಿರುಗಟ್ಟಿದ ಮನೆಗಳಿಗೆ ಹೊರಡಬೇಕು.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಸಂಜೆಯಾಗಿದೆ. ಇಂದು ತೊಟ್ಟಿಯ ದೀಪವನ್ನು ತಾವೇ ಆರಿಸುವುದಾಗಿ ಅಕ್ಕ ಹೇಳಿದ್ದಾರೆ. ಆ ಕತ್ತಲಲ್ಲಿ ಹವಳ ಮುದುಡಿ ಮಲಗುವವರೆಗೆ ಮೌನವಾಗಿರೋಣ. ಆಮೇಲೆ, ಮಕ್ಕಳೇ — ಬಕೆಟ್‌ಗಳನ್ನು ಮುಂದೆ ತನ್ನಿ.

ಅಕ್ಕಾ — ಆರಿಸಿ.