ಕಿಡ್ನಿ ಕೊಟ್ಟವನ ತಾಯಿಗೆ

ಬಾಲ್ಟಿಮೋರ್‌ನ ಆಸ್ಪತ್ರೆಯೊಂದರ ಕಿಡ್ನಿ ವಿಭಾಗದಲ್ಲಿ ತಂಗಿಗಾಗಿ ಕಾಯುತ್ತಿದ್ದ ವನೆಟ್ಟಾಳ ಕಿವಿಗೆ ಪಕ್ಕದ ಮುದುಕರಿಬ್ಬರ ಮಾತು ಬಿತ್ತು. ಒಬ್ಬನ ತೊಡೆಯ ಮೇಲೆ ಅರ್ಧ ಬರೆದ ಕಾಗದವಿತ್ತು.

“ಓದೋ ಡೆಲ್ಮರ್, ಎಲ್ಲೀವರೆಗೆ ಬರೆದೆ?”

“‘ಅಮ್ಮಾ, ನಿಮ್ಮ ಮಗನ ಕಿಡ್ನಿ ನನಗೆ ಹಾಕಿದ್ದಾರೆ. ಐದು ವರ್ಷ ಉಚ್ಚೆಯೇ ಬಾರದೆ ಡಯಾಲಿಸಿಸ್ ಮಾಡಿಸಿಕೊಂಡವನು, ಆಪರೇಷನ್ನಿನ ಮಾರನೇ ದಿನ ನಾನೇ ಉಚ್ಚೆ ಹೊಯ್ದೆ.’”

“ಥೂ! ಮಗನ್ನ ಕಳಕೊಂಡ ತಾಯಿಗೆ ಉಚ್ಚೆ ಕಥೆ ಬರೀತಾರೇನೋ?”

“ಆಗಿದ್ದು ಅದೇ ಅಲ್ವೇನೋ ಒರ್ವಿಲ್? ನರ್ಸ್ ಚಪ್ಪಾಳೆ ತಟ್ಟಿದ್ಲು. ನಾನು ಅತ್ತುಬಿಟ್ಟೆ.”

“ಹಾಗಾದ್ರೆ ಅತ್ತಿದ್ದನ್ನ ಬರಿ.”

“ಆ ಹುಡುಗನಿಗೂ ನನ್ನ ಹಾಗೇ ಎಚ್‌ಐವಿ ಇತ್ತು. ಅದಕ್ಕೇ ಆ ಕಿಡ್ನಿ ನನಗೆ ಸಿಕ್ಕಿದ್ದು. ಅದನ್ನೂ ಬರೀಲಾ?”

“ಮನೆಯವರಿಗೆ ಗೊತ್ತಿತ್ತೋ ಇಲ್ವೋ. ಬೇಡ ಬಿಡು.”

“ಮೂವತ್ತು ವರ್ಷದ ಹಿಂದೆ ಆಸ್ಪತ್ರೇಲಿ ನನ್ನ ಊಟದ ತಟ್ಟೆ ಬಾಗಿಲ ಹೊರಗೇ ಇಟ್ಟು ಹೋಗ್ತಿದ್ರು. ನಮ್ಮಂಥವರ ಮೈಯಲ್ಲಿರೋದು ಯಾರಿಗೂ ಬೇಡ ಅಂದ್ಕೊಂಡಿದ್ದೆ ಕಣೋ. ಈ ಹುಡುಗ ಕೊಡ್ತೀನಿ ಅಂತ ಮೊದಲೇ ಸಹಿ ಹಾಕಿಟ್ಟಿದ್ದ ನೋಡು.”

“ಅಷ್ಟೇ ಬರಿ. ನಿಮ್ಮ ಮಗನದು ದೊಡ್ಡ ಮನಸ್ಸು ಅಂತ.”

ಡೆಲ್ಮರ್ ಬರೆದ. ಆಮೇಲೆ ಪೆನ್ನು ನಿಲ್ಲಿಸಿದ.

“ಎಪ್ಪತ್ತೊಂದರ ಮುದುಕನಿಗೆ ಹೋಯ್ತಲ್ಲಾ ಅಂತ ಆಕೆ ನೊಂದ್ಕೊಂಡ್ರೆ?”

“ಚೆನ್ನಾಗಿ ನೋಡ್ಕೊಳ್ತೀನಿ ಅಂತ ಬರೆಯೋ. ಯಾವ ತಾಯಿಗಾದ್ರೂ ಬೇಕಾಗಿರೋದು ಅದೇ.”

ಒಳಗಿನಿಂದ ನರ್ಸ್ ಡೆಲ್ಮರ್‌ನ ಹೆಸರು ಕೂಗಿದಳು. ಅವನು ಎದ್ದಾಗ ವನೆಟ್ಟಾ ಕಾಲು ಮಡಚಿ ದಾರಿ ಬಿಟ್ಟಳು.

ಒರ್ವಿಲ್ ಕೂತಲ್ಲಿಂದಲೇ ಗೆಳೆಯನ ಹೊಟ್ಟೆಯತ್ತ ಬೆರಳು ತೋರಿಸಿ, “ಹೋಗು ಮಾರಾಯ, ನಿಮ್ಮಿಬ್ಬರನ್ನೂ ಕರೀತಿದ್ದಾರೆ” ಎಂದ.