ಕೆಂಪು ಕಾಡತೂಸು

"ಹಲೋ... ಹಲೋ, ಯಾರು ಮಾತಾಡ್ತಿರೋದು? ...

"ಅಣ್ಣಾ, ನೀನಾ? ಅತ್ತಿಗೆ ಫೋನ್ ನಿನ್ನ ಹತ್ರ ಯಾಕಿದೆ? ...

"ಹಾಂ? ... ನಾನು ಹೇಳಿದ್ದು ಏನೂ ಕೇಳಿಸ್ತಿಲ್ಲ, ಅಲ್ವಾ? ಕಿವಿ ಮೇಲಿರೋ ಆ ದಪ್ಪ ಮುಚ್ಚಳ ತೆಗಿ. ... ಕೈಲಿ ಹಿಡ್ಕೋಬೇಡ ಮಾರಾಯ, ತಲೆ ಮೇಲಕ್ಕೆ ಸರಿಸ್ಕೋ. ... ಹಾಂ. ಈಗ ಹೇಳು, ಅತ್ತಿಗೆ ಎಲ್ಲಿ? ..."

ಫೋನಿನ ಆ ತುದಿಯಲ್ಲಿ ಎರಡು ಗುಂಡಿನ ಸದ್ದು ಒಂದರ ಬೆನ್ನಿಗೊಂದು ಕೇಳಿದವು. ತಂಗಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಬೆರಳಿಗೆ ಮೆತ್ತಿದ್ದ ಮರದ ಎಣ್ಣೆ ಕೆನ್ನೆಗೂ ಹತ್ತಿತು.

ಅವಳು ನಿಂತಿದ್ದುದು ಮನೆಯ ಹಿಂಬದಿಯ ಕೆಲಸದ ಕೋಣೆಯಲ್ಲಿ. ಬಂದೂಕಿಗೆ ಮರದ ಹಿಡಿ ಮಾಡಿಕೊಡುವುದು ಅವಳ ಕಸುಬು. ದರ್ಜಿ ಅಂಗಿಗೆ ಅಳತೆ ತೆಗೆದುಕೊಳ್ಳುವ ಹಾಗೆ ಅವಳು ಹೊಡೆಯುವವರ ತೋಳಿನ ಉದ್ದ, ಕತ್ತಿನ ಎತ್ತರ, ಕೆನ್ನೆ ಮರಕ್ಕೆ ತಾಗುವ ಜಾಗ ಎಲ್ಲವನ್ನೂ ಅಳೆದು ಕೆತ್ತುತ್ತಿದ್ದಳು. ಒಂದರ ಮೇಲೊಂದು ಕೂತ ಜೋಡು ನಳಿಗೆಯ ಅತ್ತಿಗೆಯ ಬಂದೂಕಿಗೂ ಅವಳೇ ಕೆತ್ತಿದ ಮರ. ಆ ಮನೆಯಲ್ಲಿ ಮೂವರಿಗೂ ಬಂದೂಕಿನ ಹುಚ್ಚು. ಹುಚ್ಚಿನ ಬಗೆ ಮಾತ್ರ ಬೇರೆ ಬೇರೆ. ಅಣ್ಣ ಕೂಡಿಡುವವನು. ಹಳೆಯ ಬಂದೂಕುಗಳನ್ನೂ ಹಳೆಯ ಕಾಡತೂಸುಗಳನ್ನೂ ಗಾಜಿನ ಬೀರುವಿನಲ್ಲಿಟ್ಟು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಒರೆಸಿ ನೋಡುವುದೇ ಅವನಿಗೆ ಸುಖ. ಒಂದು ಸಲವೂ ಟ್ರಿಗರ್ ಎಳೆದವನಲ್ಲ. 'ಎಣ್ಣೆ ಹಚ್ಚೋ ಶೂರ' ಎಂದು ಅತ್ತಿಗೆ ಅವನನ್ನು ಕಾಡುತ್ತಿದ್ದರು. ಹೊಡೆಯುವವರು ಅತ್ತಿಗೆ. ಗಾಳಿಗೆ ಚಿಮ್ಮುವ ಮಣ್ಣಿನ ತಟ್ಟೆಗಳನ್ನು ಒಡೆಯುವ ಪಂದ್ಯದಲ್ಲಿ ಅವರು ಇವತ್ತು ಮೊದಲ ಬಾರಿಗೆ ಕೊನೆಯ ಸುತ್ತು ಮುಟ್ಟಿದ್ದರು.

"ಕೊನೆ ಸುತ್ತು ಆಗ್ಲೇ ಶುರುವಾಯ್ತಾ? ... ಮುಂದಿದಾರಾ? ಒಳ್ಳೇದು, ಅದಿರ್ಲಿ. ... ಅಣ್ಣಾ, ಅಂಕಿ ಅಂಶ ಆಮೇಲೆ ಹೇಳುವೆಯಂತೆ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಅತ್ತಿಗೆ ಸೊಂಟಕ್ಕೆ ಕಟ್ಟಿರೋ ಚೀಲ ಯಾವುದು? ಹೊಸದಾ, ಹಳೇದಾ? ...

"ಬಣ್ಣ ಯಾರು ಕೇಳಿದ್ರು? ಎರಡರ ಬಣ್ಣವೂ ಒಂದೇ. ಮೆತ್ತಗಾಗಿ ಜೋತು ಬಿದ್ದಿದೆಯಾ, ಇಲ್ಲ ಗಟ್ಟಿಯಾಗಿ ನಿಂತಿದೆಯಾ? ...

"ಜೋತು ಬಿದ್ದಿದೆ. ... ಸರಿಯಾಗಿ ನೋಡಿದ್ಯಾ? ... ಅಯ್ಯೋ ದೇವರೇ."

ಎದುರಿನ ಗೋಡೆಯ ಮೊಳೆಯಲ್ಲಿ ಅತ್ತಿಗೆಯ ಹೊಸ ಚೀಲ ನೇತಾಡುತ್ತಿತ್ತು. ಇನ್ನೂ ಪಳಗದ ಚರ್ಮ. ಒಳಗೆ ಕೈ ಹಾಕಿದರೆ ಖಾಲಿ. ಆಗಷ್ಟೇ ಕೈ ಹಾಕಿ ನೋಡಿದ್ದಳು. ನೋಡಿದವಳೇ ಫೋನು ಎತ್ತಿಕೊಂಡಿದ್ದಳು.

"ನಿನ್ನೆ ನನಗೆ ಒಂದು ಹಿಡಿ ಕಾಡತೂಸು ಕೊಟ್ಟೆಯಲ್ಲ, ಗಿರಾಕಿಯ ಆ ಸಣ್ಣ ಬಂದೂಕು ಹೊಡೆದು ನೋಡೋಕೆ? ... ಹಾಂ, ಅದೇ, ಕೆಂಪು ಕಾಗದದ ಹೊದಿಕೇದು. ... ಇಲ್ಲ, ಎಲ್ಲಾ ಹೊಡೀಲಿಲ್ಲ. ... ಚೆನ್ನಾಗೇ ಸಿಡಿದ್ವು, ಹಳೇದಾದ್ರೂ. ... ಅಣ್ಣಾ, ನಿನ್ನ ಸಂಗ್ರಹ ವಾಪಸ್ ಕೊಡೋಕೆ ನಾನು ಫೋನ್ ಮಾಡಿಲ್ಲ! ನನ್ನ ಹತ್ರ ಚೀಲ ಇರ್ಲಿಲ್ಲ, ಅತ್ತಿಗೆಯ ಹಳೇದು ಕಟ್ಕೊಂಡು ಹೋದೆ. ಮೋಡ ಕವೀತು ಅಂತ ಅರ್ಧಕ್ಕೆ ಬಂದೆ. ಉಳಿದದ್ದು ಅದರಲ್ಲೇ ಇದೆ. ತೆಗೆಯೋದು ಮರೆತೆ. ..."

ಬಂದೂಕು ಗೊತ್ತಿಲ್ಲದವರಿಗೆ ಇದೊಂದು ಮಾತೇ ಅಲ್ಲ. ಆದರೆ ಅಣ್ಣನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅತ್ತಿಗೆಯದು ಹನ್ನೆರಡು ಬೋರಿನ ಬಂದೂಕು. ಆ ಸಣ್ಣ ಬಂದೂಕು ಇಪ್ಪತ್ತು ಬೋರಿನದು. ಬೋರಿನ ಅಂಕಿ ಏರಿದಷ್ಟೂ ನಳಿಗೆ ಕಿರಿದು, ಅದರ ಕಾಡತೂಸೂ ಒಂದು ಸುತ್ತು ಕಿರಿದು. ಎರಡೂ ಬೆರೆಯಬಾರದೆಂದೇ ಈಗ ಕಿರಿದಕ್ಕೆ ಹಳದಿ ಬಣ್ಣ ಹಾಕುತ್ತಾರೆ. ಕಣ್ಣು ತಪ್ಪಿದರೂ ಹಳದಿ ಕಣ್ಣಿಗೆ ಚುಚ್ಚಬೇಕು. ಅಣ್ಣನ ಪೆಟ್ಟಿಗೆಯಲ್ಲಿದ್ದವು ಆ ರೂಢಿ ಬರುವ ಮೊದಲಿನವು. ಆ ಕೆಂಪಿಗೇ ಮರುಳಾಗಿ ಅವನು ಕೊಂಡಿದ್ದ. 'ಈಗಿನ ಪ್ಲಾಸ್ಟಿಕ್ಕಿಗೆ ಈ ಬಣ್ಣ ಎಲ್ಲಿಂದ ಬರಬೇಕು' ಎಂದು ಹೊಗಳುತ್ತ ಕೊಟ್ಟಿದ್ದ, ಅವಳೂ ಹೌದೌದು ಎನ್ನುತ್ತ ತೆಗೆದುಕೊಂಡಿದ್ದಳು.

ಅತ್ತಿಗೆ ಹೊಡೆಯುವ ಕಾಡತೂಸಿನ ಬಣ್ಣವೂ ಕೆಂಪೇ.

"ಅಣ್ಣಾ, ಕೇಳಿಸ್ತಾ? ... ಗಾಬರಿಯಾಗ್ಬೇಡ. ಗಾಬರಿ ನನಗಾಗಿದೆ, ಸಾಕು. ನೀನೆದ್ದು ಅವರ ಹತ್ರ ಹೋಗು. ... ಅವರ ಸರದಿ ಬಂತಾ? ..."

ಢಂ ಎಂದಿತು. ಅವಳು ಎರಡನೆಯ ಸದ್ದಿಗೆ ಕಾದಳು. ಎರಡು ತಟ್ಟೆ ಒಟ್ಟಿಗೆ ಹಾರುವ ಸುತ್ತು ಅದು. ಎರಡು ಸದ್ದು ಬರಬೇಕು. ಬರಲಿಲ್ಲ.

"ಈಗ ಹೊಡೆದದ್ದು ಯಾರು? ... ಅತ್ತಿಗೇನಾ? ... ಒಂದೇ ಸದ್ದು ಬಂತಲ್ಲ, ಇನ್ನೊಂದು? ...

"ಟಿಕ್ ಅಂತಷ್ಟೇ ಅಂತಾ? ... ತೀರ್ಪುಗಾರರು ಬಂದ್ರಾ? ... ಬಂದೂಕು ಬಾಗಿಸಿ ತೆರೆದು ನೋಡ್ತಿದಾರಾ? ... ಏನಂತಿದಾರೆ? ... 'ಕಾಡತೂಸೇ ಹಾಕಿಲ್ಲ' ಅಂತಾ? ...

"ಅತ್ತಿಗೆ? ... ತಲೆ ಚಚ್ಕೊಂಡು ನಗ್ತಿದಾರಾ? ... ನಗ್ಲಿ. ನೀನು ನಗಬೇಡ. ಅಣ್ಣಾ, ಆ ನಳಿಗೆ ಖಾಲಿ ಇಲ್ಲ! ..."

ತೀರ್ಪುಗಾರರ ತಪ್ಪಿರಲಿಲ್ಲ. ಯಾರು ಇಣುಕಿದರೂ ಕಾಡತೂಸು ಕೂರುವ ಜಾಗ ಖಾಲಿಯೇ ಕಾಣುತ್ತದೆ. ಸಣ್ಣ ಕಾಡತೂಸು ದೊಡ್ಡ ನಳಿಗೆಯ ಬಾಯಲ್ಲಿ ನಿಲ್ಲದೆ ಮುಂದಕ್ಕೆ ಜಾರಿ, ನಳಿಗೆ ಕಿರಿದಾಗುವಲ್ಲಿ ಸಿಕ್ಕಿ ಕೂತಿರುತ್ತದೆ. ಮರೆತೆನೆಂದುಕೊಂಡು ಹೊಡೆಯುವವರು ಅದರ ಹಿಂದೆ ಇನ್ನೊಂದನ್ನು ಹಾಕುತ್ತಾರೆ. ಅದಕ್ಕೆ ಜಾಗವಿರುತ್ತದೆ, ಬಂದೂಕು ಸಲೀಸಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಟ್ರಿಗರ್ ಎಳೆದರೆ ನಳಿಗೆ ಸೀಳುತ್ತದೆ. ಸೀಳುವ ಜಾಗದ ಕೆಳಗೇ ಎಡಗೈ ಇರುತ್ತದೆ, ಸ್ವಲ್ಪ ಹಿಂದೆ ಮುಖ. ಕೈ ಎಲ್ಲಿ ಕೂರಬೇಕೆಂದು ಅಳತೆ ಮಾಡಿ ಕೊಟ್ಟವಳು ಅವಳೇ.

"ಖಾಲಿ ಕಾಣತ್ತೆ, ಆದ್ರೆ ಅಲ್ಲ. ಮುಂದೆ ಜಾರಿದೆ. ... ಹೌದು, ನಿನ್ನದೇ, ಆ ಕೆಂಪೇ. ... ಮತ್ತೆ ಅವರ ಸರದಿ ಯಾವಾಗ? ... ಇನ್ನಿಬ್ಬರು ಹೊಡೆದ ಮೇಲಾ? ಹಾಗಾದ್ರೆ ಸಮಯ ಇದೆ. ಏಳು. ...

"ಹಗ್ಗ ಇದ್ರೆ ದಾಟು. ... ಯಾರೇನಂತಾರೆ? ... ಹೋದ ಸಲ ನೀನು ಹಿಂದಿನಿಂದ 'ಎಡಕ್ಕೆ, ಎಡಕ್ಕೆ' ಅಂತ ಕೂಗಿ ಅವರ ಅಂಕ ಹೋಯ್ತು, ಗೊತ್ತು. ಅವರು ನಿನ್ನ ಜೊತೆ ಮಾತು ಬಿಟ್ರು, ಅದೂ ಗೊತ್ತು. ಈ ಸಲ ಜನ್ಮಪೂರ್ತಿ ಬಿಡ್ಲಿ! ಮಾತು ಬಿಡೋಕಾದ್ರೂ ಅವರು ಇರ್ಬೇಕಲ್ವೇನೋ? ..."

ಮತ್ತೆ ಜೋಡಿ ಸದ್ದು. ಒಬ್ಬರ ಸರದಿ ಮುಗಿಯಿತು.

"ನಿಂಗೆ ಖಾತ್ರಿ ಬೇಕಾ? ನನಗೂ ಖಾತ್ರಿ ಇಲ್ಲ. ಅವರು ನಿಜವಾಗ್ಲೂ ಹಾಕೋದು ಮರೆತಿರಬಹುದು. ಆಗ ಪಂದ್ಯ ಕೆಡಿಸಿದ ಅಪವಾದ ನನ್ನ ತಲೆ ಮೇಲಿರ್ಲಿ. ತಂಗಿ ಹೇಳಿದ್ಲು ಅನ್ನು. ... ಹತ್ರ ಹೋಗೋಷ್ಟು ಹೊತ್ತಿಲ್ಲ, ಅವರ ಕಿವಿ ಮುಚ್ಚಿದ್ರೂ ದೊಡ್ಡ ಕೂಗು ಮುಟ್ಟತ್ತೆ. ನಿಂತಲ್ಲಿಂದ್ಲೇ ಕೂಗು. 'ನಿಲ್ಲಿಸಿ' ಅನ್ನು. ಮೈದಾನದಲ್ಲಿ ಯಾರು ಆ ಮಾತು ಕೂಗಿದ್ರೂ ಎಲ್ಲರೂ ಬಂದೂಕು ಇಳಿಸಲೇಬೇಕು, ನಿಯಮ ಅದು. ...

"ಇದು ಕೂಗಾ? ಸಂಗೀತ ಅಭ್ಯಾಸ ಮಾಡ್ತಿದ್ಯಾ? ... ಎರಡನೆಯವರೂ ಹೊಡೆದಾಯ್ತು, ಕೇಳಿಸ್ತು. ಅಣ್ಣಾ, ನಿನ್ನ ದಮ್ಮಯ್ಯ. ಗಂಟಲು ಹರಿದು ಹೋಗ್ಲಿ, ಕೂಗು. ... ಅತ್ತಿಗೆ ಮುಂದೆ ಬಂದು ನಿಂತ್ರಾ? ಕಾಡತೂಸು ಹಾಕಿದ್ರಾ? ... ಕೂಗೋ! ..."

ಫೋನು ಯಾವುದಕ್ಕೋ ಬಡಿದ ಸದ್ದಾಯಿತು. ಆಮೇಲೆ ಅವಳು ಹುಟ್ಟಿದಾಗಿನಿಂದ ಕೇಳಿರದ ಒಂದು ದನಿ ಕೇಳಿತು. ಮನೆಯಲ್ಲಿ ಉಪ್ಪು ಕಡಿಮೆಯಾದರೂ ಹೇಳದೆ ಉಣ್ಣುವ ಅಣ್ಣನ ದನಿ ಅದೆಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಆ ಕೂಗಿನ ಮೇಲೆಯೇ ಒಂದು ಗುಂಡು ಸಿಡಿಯಿತು.

"ಅಣ್ಣಾ! ... ಯಾರು ಹೊಡೆದದ್ದು? ... ಅಣ್ಣಾ, ಯಾರು ಹೊಡೆದದ್ದು ಹೇಳು! ... ಯಾರಾದ್ರೂ ಫೋನ್ ಎತ್ತಿ! ..."

ಜನರ ಗದ್ದಲ, ಕಲ್ಲಿನ ಮೇಲೆ ಬೂಟುಗಳ ಓಡಾಟ, ಯಾರೋ ಯಾರನ್ನೋ ಗದರುವುದು. ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಹಲೋ... ಹಾಂ, ಅಣ್ಣಾ. ... ಪಕ್ಕದ ಸಾಲಿನವರಾ? ಅಲ್ಲಿಗೆ ಕೇಳಿಸಿರ್ಲಿಲ್ವಾ? ... ಅತ್ತಿಗೆ? ... ಇಳಿಸಿದ್ರು. ... ಅಳಬೇಡ ಕಣೋ. ಅತ್ತು ಮಾತಾಡಿದ್ರೆ ಒಂದಕ್ಷರ ಅರ್ಥ ಆಗಲ್ಲ. ... ತೀರ್ಪುಗಾರರು ಬಯ್ತಿದಾರಾ? ಬಯ್ಸ್ಕೋ. ನಳಿಗೆಯಲ್ಲಿ ಬೆಳಕು ನೋಡೋಕೆ ಹೇಳು. ಕಾಡತೂಸು ತೆಗೆದು, ಆಕಾಶದ ಕಡೆ ಹಿಡಿದು ನೋಡ್ಲಿ. ...

"ಮೇಲಿನ ನಳಿಗೆಯಲ್ಲಿ ಬೆಳಕಿದೆ. ... ಕೆಳಗಿನದು? ...

"ಕತ್ತಲೆ."

ಅವಳು ಸ್ಟೂಲಿನ ಮೇಲೆ ಕೂತಳು. ಮರದ ಕೋಲನ್ನು ಮೂತಿಯಿಂದ ಒಳಗೆ ಹಾಕಿ ಮೆಲ್ಲಗೆ ಹಿಂದಕ್ಕೆ ದೂಡುತ್ತಿದ್ದಾರೆಂದು ಅಣ್ಣ ಹೇಳುತ್ತಿದ್ದ. ಅವಳಿಗೆ ಅದು ಕೇಳಿಯೂ ಕೇಳದ ಹಾಗಿತ್ತು.

"ಬಂತಾ? ... ಕೆಂಪಾ? ... ಹಾಂ. ... ಏನು? ... ಅದನ್ನ ನೀನು ಇಟ್ಕೋಬಹುದಾ ಅಂತ ತೀರ್ಪುಗಾರರನ್ನ ಕೇಳಿದ್ಯಾ? ಈಗ? ... ಅಣ್ಣಾ, ನಿನಗೆ ಏನು ಹೇಳೋದು ನಾನು! ... ಕೊಡು, ಅತ್ತಿಗೆಗೆ ಕೊಡು ಫೋನು. ...

"ಅತ್ತಿಗೆ... ಅತ್ತಿಗೆ, ನಾನು. ... ಹೌದು, ನಾನೇ ಬಿಟ್ಟೆ ಚೀಲದಲ್ಲಿ. ಕೇಳದೆ ತಗೊಂಡು ಹೋಗಿದ್ದೆ. ... ಏನಾದ್ರೂ ಅನ್ನಿ. ಸುಮ್ಮನಿರ್ಬೇಡಿ. ... ಬಯ್ಯಿರಿ, ನನಗೆ ಅದೇ ವಾಸಿ. ...

"ಹಾಂ? ... ಸುತ್ತು ಮುಂದುವರಿಸೋಕೆ ಬಿಡ್ತಾರಂತಾ? ... ಬೇಡ ಅತ್ತಿಗೆ. ಮನೆಗೆ ಬನ್ನಿ. ... ಪಂದ್ಯ ಮುಂದಿನ ವರ್ಷವೂ ಬರತ್ತೆ. ...

"ಇವತ್ತು ಕೆಳಗಿಟ್ರೆ ಇನ್ಯಾವತ್ತೂ ಎತ್ತಲ್ಲ ಅಂತೀರಾ? ... ಬಂದೂಕು ಸರಿಯಿದೆಯಾ ಅಂತ ನನ್ನನ್ನ ಕೇಳ್ತೀರಾ? ನನ್ನನ್ನಾ? ... ಅಲ್ಲಿ ಅಷ್ಟು ಜನ ಬಲ್ಲವರಿದಾರೆ. ... ನಾನು ಹೇಳಿದ್ರೆ ಮಾತ್ರ ಎತ್ತೀರಾ? ..."

ಉತ್ತರ ಅವಳಿಗೆ ಗೊತ್ತಿತ್ತು. ಆ ಕಾಡತೂಸು ಸಿಡಿದಿಲ್ಲ. ನಳಿಗೆಯ ಮೇಲೆ ಒತ್ತಡವೇ ಬಿದ್ದಿಲ್ಲ. ಉಕ್ಕಿಗೆ ಏನೂ ಆಗಿರಲು ಸಾಧ್ಯವಿಲ್ಲ. ಬೇರೆ ಯಾರದೇ ಬಂದೂಕಾಗಿದ್ದರೆ ಕಣ್ಣು ಮಿಟುಕಿಸದೆ ಹೇಳಿಬಿಡುತ್ತಿದ್ದಳು. ಬೇಡ ಎಂದರೆ ಅತ್ತಿಗೆ ಕೇಳುತ್ತಾರೆ, ಅವಳ ರಾತ್ರಿಯ ನಿದ್ದೆಯೂ ಉಳಿಯುತ್ತದೆ. ಆದರೆ ಅದು ಬಂದೂಕಿನ ಬಗ್ಗೆ ಹೇಳಿದ ಮಾತಾಗುವುದಿಲ್ಲ. ತನ್ನ ಭಯವನ್ನು ಬಂದೂಕಿನ ತಲೆಗೆ ಕಟ್ಟಿದಂತಾಗುತ್ತದೆ.

"ಅತ್ತಿಗೆ, ಚೀಲ ಬಿಚ್ಚಿ ಅಣ್ಣನ ಕೈಗೆ ಕೊಡಿ. ಅದರಲ್ಲಿರೋ ಒಂದನ್ನೂ ಮುಟ್ಟಬೇಡಿ. ... ಸೀಲ್ ಒಡೆಯದ ಡಬ್ಬಿ ಇದೆಯಾ? ಅದರಿಂದ ತಗೊಳ್ಳಿ. ... ಆ ಕೆಂಪು ಕಾಗದ ಒಳಗೆ ಉಜ್ಜಿರತ್ತೆ, ಎರಡೂ ನಳಿಗೆಗೆ ಬಟ್ಟೆ ಎಳೀರಿ. ... ಆಯ್ತಾ? ... ಈಗ ನೋಡಿ. ತೀರ್ಪುಗಾರರಲ್ಲ, ನೀವೇ ನೋಡಿ. ... ಮೇಲೆ? ... ಕೆಳಗೆ? ... ದುಂಡಗೆ, ಪೂರ್ತಿ ಬೆಳಕಾ? ... ಇನ್ನೊಂದ್ಸಲ ನೋಡಿ ಅತ್ತಿಗೆ. ...

"ಸರಿಯಿದೆ. ... ಹಾಂ, ನಾನೇ ಹೇಳ್ತಿರೋದು. ಎತ್ತಿ. ..."

ಫೋನು ಮತ್ತೆ ಅಣ್ಣನ ಕೈಗೆ ಬಂದಿತ್ತು. ಅವನ ಉಸಿರು ಹತ್ತಿರದಲ್ಲೇ ಕೇಳುತ್ತಿತ್ತು. ಅದರಾಚೆಯಿಂದ ಅತ್ತಿಗೆ ತಟ್ಟೆ ಬಿಡಲು ಹೇಳುವ ಚಿಕ್ಕ ಕೂಗು ಬಂತು.

ಢಂ.

ಅವಳು ಕಣ್ಣು ಮುಚ್ಚಿದಳು.

ಢಂ.

"ಅಣ್ಣಾ? ... ಒಡೀತು, ಒಡೀತು ಅಂತ ಕುಣೀಬೇಡ, ತಟ್ಟೆ ವಿಷಯ ಕೇಳ್ಲಿಲ್ಲ ನಾನು. ಅತ್ತಿಗೆ ಹೇಗಿದಾರೆ? ನಿಂತಿದಾರಾ? ... ಈ ಕಡೆ ತಿರುಗಿದ್ರಾ? ... ಏನು, ಕೈ ತೋರಿಸ್ತಿದಾರಾ? ... ನನಗೆ ಹೇಳು ಅಂತಾ? ... ಯಾವ ಕೈ ಅಣ್ಣಾ? ... ಎರಡೂನಾ? ಹತ್ತೂ ಬೆರಳು ಬಿಡಿಸಿ ಎರಡೂ ಕೈ—"

ಲೈನು ಕಡಿದು ಹೋಯಿತು.